ಫ್ರೇಸರ್ ನದಿಯ ಉಬ್ಬರವಿಳಿತ ಮತ್ತು ಸಾಲ್ಮನ್ ಗಾಳ: ಅಧ್ಯಯನ ಟಿಪ್ಪಣಿ

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಫ್ರೇಸರ್ ನದಿ ಸುಮಾರು 1,375 ಕಿಲೋಮೀಟರ್ ಹರಿದು ವ್ಯಾಂಕೂವರ್ ಬಳಿ ಸಮುದ್ರ ಸೇರುತ್ತದೆ. ಅಳಿವೆಯಿಂದ ಮಿಶನ್ ಪಟ್ಟಣದ ರೈಲು ಸೇತುವೆಯವರೆಗಿನ ಭಾಗವನ್ನು ಮೀನುಗಾರಿಕೆ ನಿಯಮಗಳು ಉಬ್ಬರವಿಳಿತದ ನೀರೆಂದು ಪರಿಗಣಿಸುತ್ತವೆ. ಸೇತುವೆಯಿಂದ ಸಮುದ್ರದ ಕಡೆಗೆ ಹವ್ಯಾಸಕ್ಕೆ ಗಾಳ ಹಾಕುವವರು ಕೇಂದ್ರ ಸರ್ಕಾರದ ಪರವಾನಗಿಯನ್ನೂ ಅಲ್ಲಿಂದ ನದಿಯ ಮೇಲ್ಭಾಗದ ಕಡೆಗೆ ಹಾಕುವವರು ಪ್ರಾಂತ್ಯದ ಪರವಾನಗಿಯನ್ನೂ ಪಡೆದಿರಬೇಕು.

ಉಬ್ಬರ ತಲುಪುವಲ್ಲೆಲ್ಲ ಉಪ್ಪುನೀರು ಇರುತ್ತದೆ ಎಂದು ನಾವು ಸಹಜವಾಗಿಯೇ ಭಾವಿಸುತ್ತೇವೆ, ಆದರೆ ಅದು ಸರಿಯಲ್ಲ. ಭಾರವಾದ ಉಪ್ಪುನೀರು ಅಳಿವೆಯ ತಳದಲ್ಲಿ ಬೆಣೆಯಂತೆ ಒಂದಿಷ್ಟು ದೂರ ಮಾತ್ರ ನುಗ್ಗುತ್ತದೆ. ಅದನ್ನು ದಾಟಿ ನದಿಯಲ್ಲಿ ಇನ್ನೂ ಮೇಲಕ್ಕೆ ಹೋದರೆ, ಸಮುದ್ರದ ಮಟ್ಟ ಏರಿ ನದಿಯ ಹರಿವಿಗೆ ತಡೆಯೊಡ್ಡುವುದರಿಂದ, ಸಿಹಿನೀರೇ ಉಬ್ಬಿ ನಿಲ್ಲುತ್ತದೆ. ಹೀಗಾಗಿ ಸಮುದ್ರತೀರದ ಉಬ್ಬರದ ವೇಳಾಪಟ್ಟಿಯನ್ನು ಹಿಡಿದು ನದಿಯ ದಡಕ್ಕೆ ಹೋದವರಿಗೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಮೇಲಕ್ಕೆ ಹೋದಷ್ಟೂ ಉಬ್ಬರ ತಡವಾಗಿ ಬರುತ್ತದೆ ಮತ್ತು ಅದರ ಎತ್ತರವೂ ಕುಗ್ಗುತ್ತದೆ. ಮೇ–ಜೂನ್ ತಿಂಗಳಲ್ಲಿ ಹಿಮ ಕರಗಿ ನದಿ ತುಂಬಿದಾಗ ಮಿಶನ್ ಕಡೆ ಉಬ್ಬರದ ವೇಳೆಯಲ್ಲೂ ಹರಿವು ಹಿಮ್ಮುಖವಾಗುವುದೇ ಇಲ್ಲ. ಪಟ್ಟಿಯ ಜೊತೆಗೆ ನೀರಿನಂಚಿನಲ್ಲಿ ಒಂದು ಕಡ್ಡಿ ನೆಟ್ಟು ಮಟ್ಟ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ನೋಡುವುದು, ನನ್ನ ಮಟ್ಟಿಗೆ, ಈ ವಿಷಯದ ಮೊದಲ ಪಾಠ.

ಜಲ್ಲಿಯ ದಿಣ್ಣೆಯ ಮೇಲೆ ನಿಂತು ಹಾಕುವ ಗಾಳದಲ್ಲಿ ಈ ಲೆಕ್ಕ ಸ್ಪಷ್ಟವಾಗಿ ಕಾಣುತ್ತದೆ. ಭಾರವಾದ ಸೀಸದ ಗುಂಡು ತಳದಲ್ಲಿ ಕೂರುತ್ತದೆ. ಗಾಳದ ಮುಂದಿರುವ, ರೆಕ್ಕೆಗಳುಳ್ಳ ಸ್ಪಿನ್-ಎನ್-ಗ್ಲೋ ಎಂಬ ಬಣ್ಣದ ಬೆಂಡು ಗಾಳವನ್ನು ತಳದಿಂದ ಎತ್ತಿ ಹಿಡಿದು ಹರಿವಿನಲ್ಲಿ ಗಿರಗಿರನೆ ತಿರುಗುತ್ತದೆ. ಉಬ್ಬರದಿಂದ ನೀರು ನಿಂತರೆ ಬೆಂಡು ತಿರುಗುವುದಿಲ್ಲ. ಇಳಿತದ ಸೆಳೆತ ಬಲವಾದರೆ ಹಗುರ ಗುಂಡು ದಡದತ್ತ ಉರುಳಿಬರುತ್ತದೆ. ಆದ್ದರಿಂದ ಒಂದೇ ದಿನದಲ್ಲಿ ಹಲವು ಬಾರಿ ಗುಂಡು ಬದಲಿಸಬೇಕಾಗುತ್ತದೆ. ದೂರಕ್ಕೆ ಎಸೆಯುವ ಆಸೆಯನ್ನೂ ಬಿಡಬೇಕು: ಮೊಟ್ಟೆಯಿಡಲು ಸಮುದ್ರದಿಂದ ಮೇಲೇರುವ ಸಾಲ್ಮನ್ ಮೀನು ನದಿಗೆ ಬಂದ ಮೇಲೆ ಆಹಾರ ತಿನ್ನುವುದನ್ನು ನಿಲ್ಲಿಸಿ, ಉಳಿದ ಶಕ್ತಿಯನ್ನು ಕಾಪಾಡಿಕೊಳ್ಳಲು ಸೆಳೆತ ಕಡಿಮೆಯಿರುವ ಅಂಚನ್ನೇ ಹಿಡಿದು ಸಾಗುತ್ತದೆ.

ಫ್ರೇಸರ್‌ನಲ್ಲಿ ಚಿನೂಕ್, ಕೊಹೊ, ಸಾಕೈ, ಚಮ್ ಮತ್ತು ಪಿಂಕ್ ಎಂಬ ಐದು ಬಗೆಯ ಸಾಲ್ಮನ್‌ಗಳಿವೆ; ಪಿಂಕ್ ದೊಡ್ಡ ಸಂಖ್ಯೆಯಲ್ಲಿ ಬರುವುದು ಬೆಸ ವರ್ಷಗಳಲ್ಲಿ. ಯಾವುದನ್ನು ಇಟ್ಟುಕೊಳ್ಳಬಹುದು ಎಂಬ ನಿಯಮ ಹಂಗಾಮಿನ ನಡುವೆಯೇ ಬದಲಾಗುವುದರಿಂದ ಗುರುತು ತಪ್ಪುವಂತಿಲ್ಲ. ಚಿನೂಕ್‌ನ ಕೆಳದವಡೆಯ ವಸಡು ಕಪ್ಪಾಗಿದ್ದು, ಬಾಲದ ಮೇಲು–ಕೆಳ ಭಾಗಗಳೆರಡರಲ್ಲೂ ಚುಕ್ಕೆಗಳಿರುತ್ತವೆ. ಕೊಹೊಗೆ ಹಲ್ಲಿನ ಬುಡದ ವಸಡು ಬಿಳಿ, ಚುಕ್ಕೆಗಳು ಬಾಲದ ಮೇಲ್ಭಾಗದಲ್ಲಿ ಮಾತ್ರ. ಬೆನ್ನಿನ ಹಿಂಭಾಗದ ಪುಟ್ಟ ಮಾಂಸಲ ರೆಕ್ಕೆ ಕತ್ತರಿಸಿ ಗಾಯ ಮಾಗಿದ್ದರೆ ಅದು ಸಾಕಣೆ ಕೇಂದ್ರದಿಂದ ಬಿಟ್ಟ ಮೀನು.

ಇವೆಲ್ಲವನ್ನೂ ಮೀನು ನೀರಿನಲ್ಲಿರುವಾಗಲೇ ನೋಡಬೇಕು. ಸಾಲ್ಮನ್‌ಗೆ ಹಿಮ್ಮುಳ್ಳಿಲ್ಲದ (ತುದಿಯ ಬಳಿ ಹಿಂದಕ್ಕೆ ಚಾಚಿದ ಮುಳ್ಳಿಲ್ಲದ) ಗಾಳ ಕಡ್ಡಾಯ. ಇದ್ದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಡಿಸಿದರೂ ಸಾಕು. ಬಿಡಬೇಕಾದ ಮೀನನ್ನು ಒದ್ದೆ ಕೈಯಲ್ಲಿ, ತಲೆ ಹರಿವಿಗೆ ಎದುರಾಗುವಂತೆ ಹಿಡಿದಿದ್ದರೆ ಕಿವಿರುಗಳ ಮೂಲಕ ನೀರು ಹಾಯುತ್ತದೆ. ಬಾಲ ತಾನಾಗಿ ಬಲವಾಗಿ ಬಡಿಯುವವರೆಗೆ ಕೈ ಬಿಡಬಾರದು.