ಸಮುದ್ರಸ್ನಾನ: ಪಂಚಾಂಗದ ಮುಳುಗು, ವೈದ್ಯರ ಮುಳುಗು

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಸಂಜೆ ಮಕ್ಕಳು ಅಲೆಗೆ ಬಿದ್ದು ಏಳುವುದನ್ನು ನೋಡಿದರೆ, ಕಡಲಿಗಿಳಿಯಲು ಕಾರಣವೇ ಬೇಕಿಲ್ಲ ಅನ್ನಿಸುತ್ತದೆ. ಹಿಂದೆ ಕಾರಣ ಬೇಕಿತ್ತು. ಕಾರಣವನ್ನು ಕೊಡುವವರೂ ಬೇಕಿತ್ತು.

ನಮ್ಮ ಕಡೆಯದನ್ನೇ ಮೊದಲು ನೋಡೋಣ. ಅಶ್ವತ್ಥ, ಸಾಗರ ಎರಡನ್ನೂ ಸೇರಿಸಿ ಹೇಳುವ ಹಳೆಯ ಶ್ಲೋಕವೊಂದಿದೆ: ಎರಡೂ ಪೂಜ್ಯ, ಆದರೆ ಮನಸ್ಸು ಬಂದಾಗೆಲ್ಲ ಮುಟ್ಟುವಂತಿಲ್ಲ, ಅಶ್ವತ್ಥವನ್ನು ಶನಿವಾರ, ಸಾಗರವನ್ನು ಪರ್ವದಿನ ಮಾತ್ರ ಮುಟ್ಟಬೇಕು. ಪರ್ವದಿನವೆಂದರೆ ಅಮಾವಾಸ್ಯೆ, ಹುಣ್ಣಿಮೆಯಂಥವು. ಎಳ್ಳಮಾಸೆಗೆ ಘಟ್ಟದ ಮೇಲಿನವರೂ ಕೆಳಗಿಳಿಯುವುದು ಇದಕ್ಕೇ. ಗೋಕರ್ಣದಲ್ಲಿ ಮೊದಲು ಸಮುದ್ರ, ಆಮೇಲೆ ಕೋಟಿತೀರ್ಥ, ಕೊನೆಗೆ ಮಹಾಬಲೇಶ್ವರನ ದರ್ಶನ. ಶಿರಸಿಯಿಂದ ನಮ್ಮನ್ನು ಕರೆದೊಯ್ಯುತ್ತಿದ್ದ ಅಜ್ಜಿ ಮೂರು ಮುಳುಗು ಹಾಕಿ ಮೇಲೆ ಬರುತ್ತಿದ್ದಳು. ನಾಲ್ಕನೆಯದಕ್ಕೆ ಹೊರಟರೆ ನಮಗೆ ಬೈಗುಳ.

ಈಗ ಇಂಗ್ಲೆಂಡಿಗೆ ಹೋಗೋಣ. ಅಲ್ಲಿನ ಸ್ಕಾರ್ಬರೊ ಊರಿಗೆ 17ನೇ ಶತಮಾನದಲ್ಲಿ ಜನ ಬರುತ್ತಿದ್ದುದು ಕಡಲಿಗಲ್ಲ, ದಡದ ಬಂಡೆಯ ಬುಡದಲ್ಲಿ ಒಸರುತ್ತಿದ್ದ ಖನಿಜ ನೀರು ಕುಡಿಯಲು. ರಾಬರ್ಟ್ ವಿಟ್ಟಿ ಎಂಬ ವೈದ್ಯ ಆ ಒರತೆಯನ್ನು ಹೊಗಳುತ್ತ ಸಮುದ್ರಸ್ನಾನವೂ ಒಳ್ಳೆಯದೆಂದ. ನೀರು ಕುಡಿಯಲು ಬಂದವರು ಹೀಗೆ ನೀರಿಗಿಳಿದರು. 1735ರ ಅಲ್ಲಿನ ಚಿತ್ರವೊಂದರಲ್ಲಿ ಚಕ್ರದ ಮೇಲಿನ ಪುಟ್ಟ ಮರದ ಕೋಣೆ ಕಾಣುತ್ತದೆ. ಅದೇ ಬೇಥಿಂಗ್ ಮಷೀನ್. ಒಳಗೆ ಕೂತು ಬಟ್ಟೆ ಬದಲಿಸುವಷ್ಟರಲ್ಲಿ ಕುದುರೆ ಅದನ್ನು ನೀರಿನವರೆಗೆ ಎಳೆಯುತ್ತಿತ್ತು. ಕಡಲ ಕಡೆಯ ಬಾಗಿಲಿಂದ ಇಳಿದರೆ ದಡದವರಿಗೆ ಕಾಣುವುದಿಲ್ಲ.

1735 ಎಂಬ ಈ ಇಸವಿ ನೆನಪಿಡಿ. ರಿಚರ್ಡ್ ರಸೆಲ್ ಎಂಬ ವೈದ್ಯ ಸಮುದ್ರದ ನೀರಿನಿಂದ ಗ್ರಂಥಿರೋಗ ಗುಣವಾಗುತ್ತದೆಂದು ಲ್ಯಾಟಿನ್‌ನಲ್ಲಿ ಬರೆದದ್ದು 1750ರಲ್ಲಿ. ಆತನೇ ಸಮುದ್ರಸ್ನಾನ ಶುರು ಮಾಡಿದನೆಂದರೆ ತಪ್ಪು; ಗಾಡಿ ಹದಿನೈದು ವರ್ಷ ಮೊದಲೇ ನೀರಿಗಿಳಿದಾಗಿತ್ತು. ರಸೆಲ್ ಮಾಡಿದ್ದು ರೂಢಿಗೆ ಔಷಧಿಯ ಮರ್ಯಾದೆ ಕೊಟ್ಟದ್ದು. ಆ ನೀರನ್ನು ಕುಡಿಯಲೂ ಹೇಳುತ್ತಿದ್ದ! ನಮ್ಮ ಕಡಲ ನೀರು ಒಂದು ಗುಟುಕು ಬಾಯಿಗೆ ಹೋದವರಿಗೆ ಆ ರೋಗಿಗಳ ಪಾಡು ಗೊತ್ತಾದೀತು. ಆತ ನೆಲೆಸಿದ ಬ್ರೈಟನ್ ಆಗ ಸೊರಗಿದ್ದ ಮೀನುಗಾರರ ಊರು. ಅದರ ದೆಸೆ ತಿರುಗಿತು.

ಚಿಕಿತ್ಸೆಯ ತರ್ಕ ಸರಳ: ತಣ್ಣೀರಿನ ಆಘಾತವೇ ಮದ್ದು. ಆದ್ದರಿಂದ ಬೆಳಗಿನ ಹೊತ್ತು, ಸಾಧ್ಯವಾದರೆ ಚಳಿಗಾಲ. ಈಜಾಟ ಅದರಲ್ಲಿ ಇರಲಿಲ್ಲ. ಗಾಡಿಯ ಬಳಿ ನೀರಲ್ಲಿ ನಿಂತ ಗಟ್ಟಿ ಹೆಂಗಸರು, ಅವರನ್ನು ಡಿಪ್ಪರ್ ಎನ್ನುತ್ತಿದ್ದರು, ಬಂದವರನ್ನು ಹಿಡಿದು ಮುಳುಗಿಸಿ ಎತ್ತುತ್ತಿದ್ದರು. ಬ್ರೈಟನ್ನಿನ ಮಾರ್ಥಾ ಗನ್ ಇವರಲ್ಲಿ ಹೆಸರುವಾಸಿ. 1789ರಲ್ಲಿ ಮೂರನೇ ಜಾರ್ಜ್ ದೊರೆ ವೇಮತ್‌ನಲ್ಲಿ ಮುಳುಗಿದಾಗ ಪಕ್ಕದ ಗಾಡಿಯಲ್ಲಿದ್ದ ವಾದ್ಯದವರು ರಾಜಗೀತೆ ನುಡಿಸಿದರಂತೆ. ಇದನ್ನು ಓದಿ ನನಗೆ ನೆನಪಾದದ್ದು ಶಿವರಾತ್ರಿಯ ಗೋಕರ್ಣ. ಅಲ್ಲಿ ಪುರೋಹಿತರ ಸಂಕಲ್ಪ, ಇಲ್ಲಿ ವೈದ್ಯರ ಚೀಟಿ, ಮುಳುಗು ಮಾತ್ರ ಎರಡೂ ಕಡೆ ಎಣಿಸಿದ್ದೇ.

ಜಾನ್ ಫ್ರಯರ್ ಎಂಬ ಇಂಗ್ಲಿಷ್ ವೈದ್ಯ 1670ರ ದಶಕದಲ್ಲೇ ಕಾರವಾರಕ್ಕೆ ಬಂದಿದ್ದ, ಗೋಕರ್ಣವನ್ನೂ ನೋಡಿದ್ದ. ಅವನ ಊರಿನವರು ಗಾಡಿಯೇರಿ ಕಡಲಿಗಿಳಿಯಲು ಇನ್ನೂ ಕಾಲವಿತ್ತು. ಲಂಡನ್–ಬ್ರೈಟನ್ ರೈಲು 1841ರಲ್ಲಿ ಶುರುವಾದ ಮೇಲೆ ಚೀಟಿಯಿಲ್ಲದ ಸಾಮಾನ್ಯರೂ ಒಂದು ದಿನದ ಮಟ್ಟಿಗೆ ಹೋಗಿಬರತೊಡಗಿದರು, ಬರೀ ಖುಷಿಗೆ.