ಸರ್ವರ್ ಫ್ರಾಂಕ್‌ಫರ್ಟ್‌ನಲ್ಲಿದ್ದರೆ ಪಾರಾದಿರೇ?

ನಾನು ವಕೀಲೆ. ಸ್ಟಾರ್ಟಪ್ ಹುಡುಗರು ನನ್ನೆದುರು ಕೂತು ಮೊದಲು ತೋರಿಸುವುದು ಕ್ಲೌಡ್ ಬಿಲ್ಲು, ಅಂದರೆ ಬಾಡಿಗೆ ಸರ್ವರ್‌ಗಳ ಲೆಕ್ಕ. ಅದರಲ್ಲಿ ಡೇಟಾ ಇಟ್ಟ ಜಾಗ ತೋರಿಸುವ ರೀಜನ್ ಅಂತ ಒಂದು ಕಾಲಂ, ಅಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್. "ನೋಡಿ ಮೇಡಂ, ಯುರೋಪಿನ ಡೇಟಾ ಯುರೋಪಲ್ಲೇ ಇದೆ. ಅಮೆರಿಕದವರು ಕೇಳೋ ಹಾಗೇ ಇಲ್ಲ." ಇವರ ಕಂಪನಿಯ ಒಡೆತನವಿರುವ ಹೋಲ್ಡಿಂಗ್ ಕಂಪನಿ ಎಲ್ಲಪ್ಪಾ ಅಂದರೆ, ಅಮೆರಿಕದ ಡೆಲವೇರ್ ರಾಜ್ಯ! ಹೂಡಿಕೆದಾರರು ಹೇಳಿದರೆಂದು ಇವರೇ ಹೋಗಿ ಅಲ್ಲಿ ನೋಂದಾಯಿಸಿ ಬಂದಿರುತ್ತಾರೆ.

ಎಷ್ಟು ಸಲ ಹೇಳಲಿ? ಡಿಸ್ಕ್ ಯಾವ ಊರಲ್ಲಿದೆ ಎಂಬುದು ಅಮೆರಿಕದ ಕಾನೂನಿಗೆ ಬೇಕಿಲ್ಲ. ಅದನ್ನು ತೆರೆಯುವ ಅಧಿಕಾರ ಯಾರ ಕೈಯಲ್ಲಿದೆ, ಅಷ್ಟೇ ಬೇಕು. ಮೊದಲು ಇದು ವಾದದ ವಿಷಯವಾಗಿತ್ತು, ನಿಜ. 2013ರ ಡಿಸೆಂಬರಿನಲ್ಲಿ ಮಾದಕವಸ್ತು ತನಿಖೆಯೊಂದರಲ್ಲಿ ನ್ಯೂಯಾರ್ಕಿನ ಕೋರ್ಟು ಮೈಕ್ರೋಸಾಫ್ಟ್‌ಗೆ ವಾರಂಟ್ ಕೊಟ್ಟಿತು. ಇಮೇಲ್‌ಗಳಿದ್ದದ್ದು ಡಬ್ಲಿನ್‌ನಲ್ಲಿ. ಕಂಪನಿ ಒಪ್ಪಲಿಲ್ಲ, 2016ರಲ್ಲಿ ಮೇಲ್ಮನವಿಯಲ್ಲಿ ಗೆದ್ದೂಬಿಟ್ಟಿತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ವಾದ ಕೇಳಿತು. ತೀರ್ಪು ಬರುವ ಮೊದಲೇ, ಮಾರ್ಚಿನಲ್ಲಿ ಕ್ಲೌಡ್ ಆಕ್ಟ್ ಎಂಬ ಅಮೆರಿಕದ ಕಾನೂನು ಬಂತು. ಸೇವಾ ಕಂಪನಿಯ ಹಿಡಿತದಲ್ಲಿರುವ ಡೇಟಾ ಯಾವ ದೇಶದಲ್ಲಿದ್ದರೂ ಒಪ್ಪಿಸಬೇಕು ಎಂದಿತು. ಕೇಸೇ ಬಿದ್ದುಹೋಯಿತು. ನನ್ನ ಕಕ್ಷಿದಾರರು ಗೂಗಲ್ ಮಾಡಿ ತರುವುದು ಮಾತ್ರ ಇಂದಿಗೂ 2016ರ ತೀರ್ಪನ್ನೇ.

ಅತ್ತ ಯುರೋಪಿನ ಡೇಟಾ ರಕ್ಷಣೆಯ ಕಾನೂನಾದ ಜಿಡಿಪಿಆರ್‌ನ 48ನೇ ವಿಧಿ ಬೇರೆಯದೇ ಹೇಳುತ್ತದೆ: ಹೊರದೇಶದ ಕೋರ್ಟಿನ ಆದೇಶವೊಂದೇ ಸಾಲದು, ಅಂತರರಾಷ್ಟ್ರೀಯ ಒಪ್ಪಂದದ ಆಧಾರ ಬೇಕು. ತಪ್ಪಿದರೆ ದಂಡ 2 ಕೋಟಿ ಯೂರೊ ಅಥವಾ ಜಾಗತಿಕ ವಹಿವಾಟಿನ ಶೇ. 4, ಯಾವುದು ಹೆಚ್ಚೋ ಅಲ್ಲಿಯವರೆಗೆ. ಹಾಗಂತ ಎರಡೂ ಕಡೆ ಏಟು ಬಿದ್ದೇ ಬೀಳುತ್ತದೆ ಎನ್ನಲಾರೆ. 49ನೇ ವಿಧಿಯಲ್ಲಿ ವಿನಾಯಿತಿಗಳಿವೆ. ಅಮೆರಿಕದ ಕೋರ್ಟಿನಲ್ಲೂ ವಿದೇಶಿ ಕಾನೂನಿನ ಅಡ್ಡಿಯನ್ನು ಮುಂದಿಟ್ಟು ವಾದಿಸಬಹುದು. ಕಾಗದಪತ್ರ ನೋಡದೆ ಯಾರಿಗೂ ಭರವಸೆ ಕೊಡಲಾಗದು.

ಎಚ್‌ಎಸ್‌ಆರ್ ಲೇಔಟ್‌ನ ಒಂದು ಕಂಪನಿಯಲ್ಲಿ ಇದನ್ನೆಲ್ಲ ವಿವರಿಸುತ್ತಿದ್ದೆ. ಸಪೋರ್ಟ್‌ನ ಹುಡುಗ, ಬಲು ಚುರುಕು, ಪಾಪ ಸಹಾಯ ಮಾಡಲೆಂದೇ ಲ್ಯಾಪ್‌ಟಾಪ್ ನನ್ನತ್ತ ತಿರುಗಿಸಿದ: ಜರ್ಮನಿಯ ಗ್ರಾಹಕರ ಹೆಸರು, ಸಂಬಳ, ಬ್ಯಾಂಕ್ ಖಾತೆ ಎಲ್ಲವೂ ಪರದೆಯ ಮೇಲೆ. "ಇಲ್ಲಿಂದಲೇ ಕಾಣುತ್ತೆ ಮೇಡಂ, ಎಷ್ಟು ಫಾಸ್ಟ್ ನೋಡಿ!" ಬೆಂಗಳೂರಿನಿಂದ ಹೀಗೆ ತೆರೆದು ನೋಡುವುದೂ ಡೇಟಾ ಹೊರದೇಶಕ್ಕೆ ಹೋದಂತೆಯೇ ಎನ್ನುವುದು ಯುರೋಪಿನ ನಿಯಂತ್ರಕರ ನಿಲುವು. ಮಾಲೀಕರ ಮುಖ ಇಳಿಯಿತು.

ಪೇಮೆಂಟ್ ವ್ಯವಹಾರದವರಿಗೆ ಇನ್ನೊಂದು ತಲೆನೋವು. ಪಾವತಿ ಡೇಟಾ ಭಾರತದಲ್ಲೇ ಇರಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲೇ ಹೇಳಿದೆ. ಪಾಲಿಸದ ಮಾಸ್ಟರ್‌ಕಾರ್ಡ್‌ಗೆ 2021ರಲ್ಲಿ ಹೊಸ ಗ್ರಾಹಕರನ್ನು ಸೇರಿಸದಂತೆ ತಡೆ ಬಿತ್ತು. ಆದರೆ ಮುಂಬೈಯಲ್ಲಿ ಇಟ್ಟ ಮಾತ್ರಕ್ಕೆ ಡೆಲವೇರ್ ನಂಟು ಕಳಚುವುದಿಲ್ಲ, ಮತ್ತೆ ಅದೇ ಮಾತು.

ಗೂಢಲಿಪಿಯಲ್ಲಿಟ್ಟ ಡೇಟಾ ಬಿಚ್ಚುವ ಎನ್‌ಕ್ರಿಪ್ಷನ್ ಕೀಯನ್ನು ಗ್ರಾಹಕರ ಬಳಿಯೇ ಬಿಡಲು ಸಾಧ್ಯವೇ ಎಂದು ನಿಮ್ಮ ಎಂಜಿನಿಯರುಗಳನ್ನು ಕೇಳಿ. ಡೇಟಾ ಕೇಳಿ ನೋಟಿಸ್ ಬಂದರೆ ಯಾರು ಉತ್ತರಿಸಬೇಕು, ಗ್ರಾಹಕರಿಗೆ ಯಾವಾಗ ತಿಳಿಸಬೇಕು ಎಂದು ಕರಾರಿನಲ್ಲಿ ಬರೆಸಿ. ಬಂದ ರಾತ್ರಿಯೇ ಗಾಬರಿಬಿದ್ದು ಫೈಲು ಅಳಿಸಲು ಮಾತ್ರ ಹೋಗಬೇಡಿ. ಅದಕ್ಕೆ ಬೇರೆಯೇ ಕೇಸು ಬೀಳುತ್ತದೆ, ಫೀಸೂ ಬೇರೆ.