ಪದ ಪರಿಚಯ: ಒಟ್ಟು ಗಂಧಕ

ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟಿಗೆ ಡೀಸೆಲ್ ತುಂಬುವಾಗ ಒಮ್ಮೊಮ್ಮೆ ಈ ಮಾತು ಕಿವಿಗೆ ಬೀಳುತ್ತದೆ: "ವಾಸನೆ ನೋಡು ಮಾರಾಯಾ, ಗಂಧಕ ಜಾಸ್ತಿ ಇದೆ." ಗಂಧಕದ ಹೆಸರಲ್ಲೇ ಗಂಧ ಇದೆ, ಅಲ್ವಾ? ಮೂಗನ್ನು ನಂಬುವುದು ಸಹಜ. ಆದರೆ ಇಲ್ಲಿ ಮೂಗು ಮೋಸ ಹೋಗುತ್ತದೆ.

ಡೀಸೆಲಿನಲ್ಲಿ ಗಂಧಕ ಸಾಮಾನ್ಯವಾಗಿ ಒಂಟಿಯಾಗಿ ಇರುವುದಿಲ್ಲ. ಇಂಗಾಲ, ಜಲಜನಕದ ಜೊತೆ ಸೇರಿಕೊಂಡು ಬೇರೆ ಬೇರೆ ರೂಪದಲ್ಲಿರುತ್ತದೆ. ಅದರಲ್ಲಿ ಮರ್ಕ್ಯಾಪ್ಟನ್ ಅನ್ನುವುದು ಭಾರೀ ನಾತದ್ದು. ಅಡುಗೆ ಗ್ಯಾಸ್ ಸೋರಿದರೆ ತಿಳಿಯಲಿ ಅಂತ ಬೆರೆಸುವುದೂ ಇದೇ ಜಾತಿಯದ್ದು. ಚೂರೇ ಚೂರು ಇದ್ದರೂ ಮೂಗಿಗೆ ಬಡಿಯುತ್ತದೆ. ಡೈಬೆಂಜೋಥಯೋಫೀನ್‌ನಂಥ ರೂಪಗಳು ಹಾಗಲ್ಲ. ಡೀಸೆಲ್ ವಾಸನೆಯೊಳಗೆ ಅಡಗಿ ಕೂರುತ್ತವೆ. ರಿಫೈನರಿಯಲ್ಲಿ ತೆಗೆಯಲು ಕಷ್ಟವಾಗುವುದೂ ಈ ಗುಂಪೇ.

ಈ ಎಲ್ಲ ರೂಪಗಳಲ್ಲಿರುವ ಗಂಧಕದ ತೂಕವನ್ನಷ್ಟೇ ಕೂಡಿಸಿದರೆ ಬರುವ ಲೆಕ್ಕವೇ 'ಒಟ್ಟು ಗಂಧಕ'. ಅಂಟಿಕೊಂಡ ಇಂಗಾಲದ ತೂಕ ಇದರಲ್ಲಿ ಸೇರದು. ಅಳತೆ ಪಿಪಿಎಂನಲ್ಲಿ, ಅಂದರೆ ಒಂದು ಕಿಲೋ ಇಂಧನದಲ್ಲಿ ಎಷ್ಟು ಮಿಲಿಗ್ರಾಂ ಅಂತ. 2020ರ ಏಪ್ರಿಲ್‌ನಿಂದ ದೇಶದಲ್ಲಿ ಬಿಎಸ್-6 (ಭಾರತ್ ಸ್ಟೇಜ್, ಅಂದರೆ ವಾಹನಗಳ ಹೊಗೆಗೆ ಸರ್ಕಾರ ಇಟ್ಟ ಮಾನದಂಡ) ಡೀಸೆಲಿಗೆ ಮಿತಿ 10 ಪಿಪಿಎಂ. 200 ಲೀಟರಿನ ಒಂದು ಡ್ರಮ್ಮಿನಲ್ಲಿ ಎರಡು ಗ್ರಾಮಿಗಿಂತಲೂ ಕಡಿಮೆ! ಬಿಎಸ್-3 ಕಾಲದಲ್ಲಿ ಇದೇ ಮಿತಿ 350 ಇತ್ತು. ಅರಬ್ಬೀ ಸಮುದ್ರದಲ್ಲಿ ಓಡಾಡುವ ದೊಡ್ಡ ಹಡಗುಗಳ ಎಣ್ಣೆಗೆ ಇವತ್ತಿಗೂ 0.50 ಶೇಕಡಾವರೆಗೆ ಅವಕಾಶವಿದೆ. ಅದು 5000 ಪಿಪಿಎಂ.

ಇಷ್ಟು ಸಣ್ಣ ಪ್ರಮಾಣವನ್ನು ಅಳೆಯುವ ಉಪಾಯ ನನಗೆ ಬಹಳ ಇಷ್ಟ. ಸಿರಿಂಜಿನಲ್ಲಿ ಹನಿಗಿಂತ ಕಡಿಮೆ ಡೀಸೆಲ್ ತೆಗೆದು, ಸಾವಿರ ಡಿಗ್ರಿ ದಾಟಿದ ಕುಲುಮೆಯಲ್ಲಿ ಆಮ್ಲಜನಕ ಕೊಟ್ಟು ಪೂರ್ತಿ ಸುಡುತ್ತಾರೆ. ಗಂಧಕ ಯಾವ ರೂಪದಲ್ಲೇ ಇರಲಿ, ಸುಟ್ಟ ಮೇಲೆ ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ನೀರಿನ ಆವಿಯನ್ನು ತೆಗೆದು, ಆ ಅನಿಲದ ಮೇಲೆ ಅತಿನೇರಳೆ ಬೆಳಕು ಬಿಡುತ್ತಾರೆ. ಅದು ತಿರುಗಿ ತಾನೇ ಬೆಳಕು ಸೂಸುತ್ತದೆ. ಬೆಳಕು ಜಾಸ್ತಿ ಇದ್ದಷ್ಟೂ ಗಂಧಕ ಜಾಸ್ತಿ. ಪ್ರಮಾಣ ಮೊದಲೇ ಗೊತ್ತಿರುವ ಮಾದರಿಗಳ ಜೊತೆ ಹೋಲಿಸಿದರೆ ಅಂಕಿ ಸಿಗುತ್ತದೆ.

ಹಳೆಯ ತಾಮ್ರಪಟ್ಟಿ ಪರೀಕ್ಷೆ ಈಗಲೂ ಇದೆ. ಉಜ್ಜಿ ಹೊಳಪು ಮಾಡಿದ ಪಟ್ಟಿಯನ್ನು ಬಿಸಿ ಇಂಧನದಲ್ಲಿ ಮುಳುಗಿಸಿಟ್ಟು, ಬಣ್ಣ ಎಷ್ಟು ಬದಲಾಯಿತು ಅಂತ ನೋಡುವುದು. ಆದರೆ ಅದು ತೋರಿಸುವುದು ಲೋಹವನ್ನು ತಿನ್ನುವ ಗಂಧಕವನ್ನು ಮಾತ್ರ. ಥಯೋಫೀನ್ ಜಾತಿಯವು ತಾಮ್ರದ ತಂಟೆಗೇ ಹೋಗುವುದಿಲ್ಲ. ಲ್ಯಾಬ್ ವರದಿ ಕೈಗೆ ಬಂದರೆ ತಾಮ್ರಪಟ್ಟಿಯ ಸಾಲನ್ನೂ ಒಟ್ಟು ಗಂಧಕದ ಸಾಲನ್ನೂ ಬೇರೆ ಬೇರೆಯಾಗಿಯೇ ಓದಿ.